ಹಳೇ ಸೈಕಲ್ಲಿನ ಟಕ್ ಟಕ್, ಕಿರ್ ಕಿರ್: ಒಂದು ದೋಷ ನಿವಾರಣೆ ಕೈಪಿಡಿ

ಊರಿನ ಮನೆ ಖಾಲಿ ಮಾಡುವಾಗ ಸೋದರಮಾವ ಫೋನ್ ಮಾಡಿದ್ದರು. "ಕೊಟ್ಟಿಗೇಲಿ ನಿಮ್ಮ ತಾತನ ಸೈಕಲ್ಲಿದೆ ಕಣೋ. ಗುಜರಿಯವನು ಬಂದು ನಿಂತಿದಾನೆ, ಕೊಟ್ಬಿಡ್ಲಾ?" ಬೇಡ ಮಾವ ಅಂದೆ. ಮಾರನೇ ದಿನವೇ ಹೋಗಿ ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಮೈಸೂರಿಗೆ ತಂದೆ. ಕಪ್ಪು ಬಣ್ಣದ ಹರ್ಕ್ಯುಲಿಸ್, ಕಡ್ಡಿ ಬ್ರೇಕು, 28 ಇಂಚಿನ ಚಕ್ರ. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದು ನಾನು ಸೈಕಲ್ ಕಲಿತದ್ದು ಅದರಲ್ಲೇ.

ಅದನ್ನು ಒಂದು ಅಂಗಡಿಗೆ ಬಿಟ್ಟೆ. ತುಳಿದಾಗ ಟಕ್ ಟಕ್ ಅನ್ನುತ್ತೆ, ಏನು ಬೇಕೋ ಹೊಸದು ಹಾಕಿ ಅಂದೆ. ಅವರು ಹಾಕಿದರು. ಪೆಡಲು, ಬಿ.ಬಿ. (ಬಾಟಮ್ ಬ್ರಾಕೆಟ್, ಫ್ರೇಮಿನ ಬುಡದಲ್ಲಿ ಪೆಡಲಿನ ತೋಳುಗಳು ತಿರುಗುವ ಜಾಗ) ಆಕ್ಸಲ್, ಅದರ ಬಾಲ್ಸು ಓಡುವ ಬಟ್ಟಲು ಅಂದರೆ ಕಪ್ಪು, ಚೈನು ಎಲ್ಲ ಹೊಸದು. ಹಳೆಯವು ಗುಜರಿಗೆ ಹೋದವು. ಟಕ್ ಟಕ್ ಮಾತ್ರ ಹೋಗಲಿಲ್ಲ. ಆರು ತಿಂಗಳ ಮೇಲೆ ಗೊತ್ತಾಯಿತು, ತಪ್ಪು ಇದ್ದದ್ದು ಕ್ರ್ಯಾಂಕನ್ನು, ಅಂದರೆ ಪೆಡಲಿನ ತೋಳನ್ನು, ಆಕ್ಸಲ್ಲಿಗೆ ಹಿಡಿದಿಡುವ ಒಂದು ಸವೆದ ಕಾಟರ್ ಪಿನ್ನಿನಲ್ಲಿ. ಕೈಬೆರಳಿನಷ್ಟೂ ಇಲ್ಲದ ಕಬ್ಬಿಣದ ತುಂಡು ಅದು.

ಆ ಹಳೆಯ ಪೆಡಲುಗಳು ಈಗ ಹುಡುಕಿದರೂ ಸಿಗುವುದಿಲ್ಲ. ಆಮೇಲೆ ಮನೆಗೆ ಬಂದ ನಾಲ್ಕು ಸೈಕಲ್ಲುಗಳಿಗೂ ನಾನು ಒಂದೇ ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಕೇಳುವುದು, ನೋಡುವುದು, ಎಣ್ಣೆ ಬಿಡುವುದು. ಆಮೇಲೆ ಸ್ಪ್ಯಾನರ್. ಸುತ್ತಿಗೆ ಕಡೆಗೆ. ಹೊಸ ಪಾರ್ಟು ಅದಕ್ಕೂ ಕಡೆಗೆ.

ಕೈ ಹಚ್ಚುವ ಮೊದಲು

ಎಷ್ಟೇ ಆಸೆಯಾದರೂ ತಂದ ದಿನವೇ ಹತ್ತಿ ಓಡಿಸಬೇಡಿ. ಇಪ್ಪತ್ತು ವರ್ಷ ನಿಂತ ಟಯರಿನ ಪಕ್ಕದ ಗೋಡೆ ಬಿಸ್ಕತ್ತಿನ ಹಾಗೆ ಪುಡಿಯಾಗಿರುತ್ತದೆ. ಬ್ರೇಕಿನ ರಬ್ಬರು ಕಲ್ಲಾಗಿರುತ್ತದೆ.

ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಯಾವ ವಾಶರ್ ಎಲ್ಲಿತ್ತು, ಬ್ರೇಕ್ ಕಡ್ಡಿ ಯಾವ ಕಡೆ ಬಾಗಿತ್ತು ಅಂತ ತಿಂಗಳ ಮೇಲೆ ನೆನಪಿರುವುದಿಲ್ಲ. ಹಿಂದಿನ ಕಾಲದಲ್ಲಿ ಪುರಸಭೆಯವರು ಸೈಕಲ್ ತೆರಿಗೆ ಕಟ್ಟಿಸಿಕೊಂಡು ಕೊಡುತ್ತಿದ್ದ ಬಿಲ್ಲೆ ಎಲ್ಲಾದರೂ ಅಂಟಿಕೊಂಡಿದ್ದರೆ ಅದನ್ನು ಕಿತ್ತು ಉಜ್ಜಬೇಡಿ, ಇದ್ದ ಹಾಗೆ ಇರಲಿ.

ಎಲ್ಲ ನಟ್ಟುಗಳಿಗೂ, ಸ್ಪೋಕಿನ ನಿಪ್ಪಲ್ಲುಗಳಿಗೂ, ಸೀಟಿನ ಕಂಬದ ಬುಡಕ್ಕೂ ತುಕ್ಕು ಬಿಡಿಸುವ ಎಣ್ಣೆ ಹಾಕಿ ಎರಡು ದಿನ ಬಿಡಿ. ಕೆಲಸದಲ್ಲಿ ಅರ್ಧ ಇದರಲ್ಲೇ ಮುಗಿಯುತ್ತದೆ.

ಎಚ್ಚರಿಕೆ ಎರಡು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣ ಎಮ್ರಿ ಕಾಗದದಲ್ಲಿ ಉಜ್ಜಿ ದೂಳು ಎಬ್ಬಿಸಬೇಡಿ, ಮಕ್ಕಳು ಓಡಾಡುವ ಕಡೆಯಂತೂ ಬೇಡವೇ ಬೇಡ. ಇನ್ನು ಫ್ರೇಮಿಗೆ ಸಿಕ್ಕಿಸಿದ ಹಳೆಯ ಪಂಪು ಸೆಲ್ಯುಲಾಯ್ಡಿನದಾಗಿರಬಹುದು. ಅದು ಭಗ್ಗೆಂದು ಹತ್ತಿಕೊಳ್ಳುವ ವಸ್ತು. ಬೆಂಕಿ, ಬೀಡಿ ಹತ್ತಿರ ಸುಳಿಯಬಾರದು.

ಗಾಳಿ ಹೊಡೆದರೆ ರಾತ್ರಿ ಕಳೆಯುವಷ್ಟರಲ್ಲಿ ಇಳಿಯುತ್ತದೆ

ಪಂಚರ್ ಅಂತ ಟಯರ್ ಬಿಚ್ಚಲು ಹೋಗಬೇಡಿ. ಮೊದಲು ವಾಲ್ವಿನ ಬಾಯಿಗೆ ಒಂದು ಬೆರಳು ಎಂಜಲು ಹಚ್ಚಿ. ಗುಳ್ಳೆ ಬಂದರೆ ಒಳಗಿನ ವಾಲ್ ಟ್ಯೂಬು ಹೋಗಿದೆ ಅಂತ ಅರ್ಥ. ಈ ಸೈಕಲ್ಲುಗಳ ವಾಲ್ವಿನಲ್ಲಿ ಸ್ಪ್ರಿಂಗು ಇಲ್ಲ. ಸಣ್ಣ ಕಡ್ಡಿಯ ಮೇಲೆ ಏರಿಸಿದ ರಬ್ಬರ್ ಕೊಳವೆಯೇ ಗಾಳಿ ತಡೆಯುವ ಬಾಗಿಲು. ಅದು ಒಣಗಿ ಸೀಳುತ್ತದೆ. ಚಿಲ್ಲರೆ ಕಾಸಿನ ವಸ್ತು, ಐದು ನಿಮಿಷದ ಕೆಲಸ. ಹೊಸದನ್ನು ಏರಿಸುವಾಗ ಎಂಜಲಿನಲ್ಲೇ ಒದ್ದೆ ಮಾಡಿ, ಎಣ್ಣೆ ಬೇಡ. ಎಣ್ಣೆ ರಬ್ಬರನ್ನು ತಿನ್ನುತ್ತದೆ.

ಗುಳ್ಳೆ ಬರಲಿಲ್ಲವಾ? ಹಾಗಾದರೆ ಟ್ಯೂಬು ತೆಗೆದು ನೀರಿನ ಬೋಗುಣಿಯಲ್ಲಿ ನೋಡಿ. ತೂತು ಟ್ಯೂಬಿನ ಒಳಮೈಯಲ್ಲಿ, ರಿಮ್ಮಿನ ಕಡೆ ಇದ್ದರೆ ಮುಳ್ಳಿನ ಕೆಲಸವಲ್ಲ. ಸ್ಪೋಕಿನ ತಲೆ ಚುಚ್ಚುತ್ತಿದೆ, ಇಲ್ಲವೇ ರಿಮ್ ಪಟ್ಟಿ ಕೊಳೆತಿದೆ. ಪಟ್ಟಿ ಹಾಕದೆ ಎಷ್ಟು ಪ್ಯಾಚು ಹಾಕಿದರೂ ವಾರಕ್ಕೊಂದು ಪಂಚರ್ ಗ್ಯಾರಂಟಿ.

ಹೊಸ ಟಯರ್ ತರುವಾಗ ಒಂದು ಮಾತು. ಅಂಗಡಿಯಲ್ಲಿ "28 ಇಂಚು" ಅಂತ ಕೇಳಿದರೆ ಈಗಿನ ಗೇರ್ ಸೈಕಲ್ಲಿನ ಟಯರ್ ಕೊಟ್ಟರೂ ಕೊಟ್ಟಾರು. ಎರಡೂ 28 ಇಂಚೇ, ಆದರೆ ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಟಯರಿನ ಪಕ್ಕದಲ್ಲಿ 40-635 ಅಂತ ಇದ್ದರೆ ನಮ್ಮ ದೊಡ್ಡ ಸೈಕಲ್ಲಿಗೆ ಸರಿ. 622 ಅಂತ ಇದ್ದರೆ ವಾಪಸ್ ಕೊಡಿ. 26 ಇಂಚಿನ ಇಂಗ್ಲಿಷ್ ಸ್ಪೋರ್ಟ್ಸ್ ಸೈಕಲ್ಲಿಗೆ ಬೇಕಾದ್ದು 37-590. ಗಾಳಿ 40ರಿಂದ 50 ಪೌಂಡ್ ಸಾಕು. ಕೈಪಂಪಿನಲ್ಲೇ ಹೊಡೆಯಿರಿ. ಪೆಟ್ರೋಲ್ ಬಂಕಿನ ಗಾಳಿ ಒಂದೇ ಉಸಿರಿಗೆ ನುಗ್ಗುತ್ತದೆ, ಹಳೆಯ ಟಯರು ಮುಖದ ಹತ್ತಿರವೇ ಸಿಡಿಯಬಹುದು.

ತುಳಿದಾಗ ಟಕ್ ಟಕ್

ನನ್ನ ಪೆಡಲುಗಳನ್ನು ತಿಂದ ಕಾಯಿಲೆ ಇದು, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಸದ್ದು ಎಣಿಸಿ. ತುಳಿಯುವುದು ನಿಲ್ಲಿಸಿದರೂ ಸದ್ದು ಬರುತ್ತಿದ್ದರೆ ಅದು ಚಕ್ರದ್ದು. ನಿಲ್ಲಿಸಿದ ಕೂಡಲೇ ಸದ್ದೂ ನಿಂತರೆ ಪೆಡಲು, ಕ್ರ್ಯಾಂಕು, ಬಿ.ಬಿ. ಅಥವಾ ಚೈನಿನದು. ಪೆಡಲಿನ ಒಂದು ಸುತ್ತಿಗೆ ಒಂದೇ ಸಲ, ಅದೂ ಅದೇ ಜಾಗದಲ್ಲಿ ಬಂದರೆ ಚೈನನ್ನು ಬಿಟ್ಟುಬಿಡಿ. ಎರಡು ಸುತ್ತಿಗೂ ಸ್ವಲ್ಪ ಹೆಚ್ಚಿಗೆ ಒಂದು ಸಲ ಬಂದರೆ ಚೈನಿನಲ್ಲಿ ಒಂದು ಕೊಂಡಿ ಬಿಗಿದುಕೊಂಡಿದೆ. ಯಾಕೆಂದರೆ ಪೆಡಲಿನ ಕಡೆಯ 48 ಹಲ್ಲಿನ ಚೈನ್‌ವೀಲಿನಲ್ಲಿ 112 ಕೊಂಡಿಯ ಚೈನು ಒಂದು ಸುತ್ತು ಬರಲು ಎರಡೂಕಾಲು ಸುತ್ತಿಗಿಂತ ತುಸು ಜಾಸ್ತಿ ತುಳಿಯಬೇಕು.

ಪೆಡಲನ್ನು ಮೊದಲು ನೋಡಿ, ಸುಲಭದ ಕೆಲಸ. ಕೈಯಲ್ಲಿ ಹಿಡಿದು ತಿರುಗಿಸಿ, ಅಲ್ಲಾಡಿಸಿ. ಕ್ರ್ಯಾಂಕಿಗೆ ಸೇರುವ ಕಡೆ ಸಡಿಲವಿದ್ದರೆ ಬಿಗಿ ಮಾಡಿ. ಎಡ ಪೆಡಲಿನ ತಿರುಪು ಉಲ್ಟಾ ಅನ್ನುವುದು ನೆನಪಿರಲಿ. ಅದನ್ನು ಬಿಗಿ ಮಾಡಲು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಮರೆತು ಬಲವಂತ ಮಾಡಿದರೆ ಕ್ರ್ಯಾಂಕಿನ ಮರೆಯೇ, ಅಂದರೆ ತಿರುಪಿನ ಗೆರೆಯೇ, ಹೋಗುತ್ತದೆ.

ಪೆಡಲು ಸರಿಯಿದೆಯೇ? ಈಗ ಎರಡೂ ಕ್ರ್ಯಾಂಕುಗಳನ್ನು ಎರಡು ಕೈಯಲ್ಲಿ ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಎರಡೂ ಒಟ್ಟಿಗೆ ಅಲ್ಲಾಡಿದರೆ ಬಿ.ಬಿ. ಕಪ್ಪು ಸಡಿಲ ಅಥವಾ ಬಾಲ್ಸು ಸವೆದಿದೆ. ಒಂದು ಗಟ್ಟಿಯಾಗಿ ನಿಂತು ಇನ್ನೊಂದು ಮಾತ್ರ ಅಲ್ಲಾಡಿದರೆ ಅಲ್ಲಾಡಿದ ಕಡೆಯ ಕಾಟರ್ ಪಿನ್ನೇ ಕಳ್ಳ. ಇನ್ನೂ ಅನುಮಾನವಿದ್ದರೆ ಕ್ರ್ಯಾಂಕನ್ನು ಅಡ್ಡವಾಗಿ ನಿಲ್ಲಿಸಿ, ಬ್ರೇಕ್ ಹಿಡಿದು ಪೆಡಲ್ ಮೇಲೆ ನಿಧಾನವಾಗಿ ಭಾರ ಹಾಕಿ. ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ. ಸಣ್ಣಗೆ 'ಟಿಕ್' ಅಂದು ಕ್ರ್ಯಾಂಕು ಜರುಗುವುದು ಕಾಲಿಗೇ ಗೊತ್ತಾಗುತ್ತದೆ.

ಕಾಟರ್ ಪಿನ್ನಿಗೆ ಒಂದು ಪಕ್ಕ ಚಪ್ಪಟೆ, ಓರೆ. ಆ ಚಪ್ಪಟೆ ಮೈ ಆಕ್ಸಲ್ಲಿನ ಚಪ್ಪಟೆ ಕಚ್ಚಿನ ಮೇಲೆ ಬೆಣೆಯಂತೆ ಕೂರುತ್ತದೆ. ಎಲ್ಲರೂ ಮಾಡುವ ತಪ್ಪೆಂದರೆ ನಟ್ಟು ತಿರುಗಿಸಿ ಪಿನ್ನನ್ನು ಒಳಗೆಳೆಯಲು ನೋಡುವುದು. ನಟ್ಟು ಅಷ್ಟು ಭಾರ ತಡೆಯುವುದಿಲ್ಲ, ಮರೆ ಕಿತ್ತು ಬರುತ್ತದೆ. ಪಿನ್ನನ್ನು ಹೊಡೆದು ಕೂರಿಸಬೇಕು. ನಟ್ಟು ಅದನ್ನು ಹಿಡಿದಿಟ್ಟುಕೊಳ್ಳಲು ಮಾತ್ರ.

ಹೊಡೆಯುವುದಕ್ಕೂ ಕ್ರಮವಿದೆ. ಕ್ರ್ಯಾಂಕಿನ ಕೆಳಗೆ ನೆಲದಿಂದ ನೇರ ಎತ್ತರಕ್ಕೆ ಒಂದು ದಪ್ಪ ಕಬ್ಬಿಣದ ಪೈಪು ಅಥವಾ ಗಟ್ಟಿ ಮರದ ತುಂಡು ಆಸರೆ ಕೊಡಿ. ಪಿನ್ನು ಪೈಪಿನ ತೂತಿನೊಳಕ್ಕೆ ಇಳಿಯುವಂತಿರಲಿ. ಆಸರೆ ಇಲ್ಲದೆ ಹೊಡೆದರೆ ಪೆಟ್ಟೆಲ್ಲ ಬಿ.ಬಿ. ಬಾಲ್ಸಿಗೆ ಹೋಗುತ್ತದೆ, ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಬಿಚ್ಚುವಾಗ ನಟ್ಟನ್ನು ಪೂರ್ತಿ ತೆಗೆಯದೆ, ಮರೆಯ ತುದಿಗೆ ಸಮನಾಗಿ ನಿಲ್ಲಿಸಿ ಹೊಡೆಯಿರಿ. ಆಗ ಮರೆ ಚಪ್ಪಟೆಯಾಗುವುದಿಲ್ಲ. ಹತ್ತು ಸಣ್ಣ ಪೆಟ್ಟಿಗಿಂತ ನೇರವಾದ ಒಂದು ಗಟ್ಟಿ ಪೆಟ್ಟು ಮೇಲು. ಕಣ್ಣಿಗೆ ಕನ್ನಡಕ ಇರಲಿ. ಗಟ್ಟಿ ಉಕ್ಕಿನ ಚೂರು ಹಾರಿದರೆ ಆಸ್ಪತ್ರೆಯೇ ಗತಿ.

ನಾಲ್ಕು ಪೆಟ್ಟಿಗೂ ಬರದಿದ್ದರೆ ನಿಲ್ಲಿಸಿ. ಇನ್ನೆರಡು ದಿನ ಎಣ್ಣೆಯಲ್ಲಿ ಬಿಡಿ. ಆಗಲೂ ಬರದಿದ್ದರೆ ಪಿನ್ನು ಒತ್ತುವ ಸಾಧನವಿರುವ ಹಳೆಯ ಮೆಕ್ಯಾನಿಕ್ಕನ ಹತ್ತಿರ ಹೋಗಿ, ಇಲ್ಲವೇ ಲೇತ್ ಅಂಗಡಿಯಲ್ಲಿ ಡ್ರಿಲ್ ಮಾಡಿಸಿ. ಕೋಪದಲ್ಲಿ ಹೊಡೆದು ಚೈನ್‌ವೀಲ್ ಬಗ್ಗಿಸಿದರೆ ಒಂದಿದ್ದ ರೋಗ ಎರಡಾಗುತ್ತದೆ.

ಹೊಸ ಪಿನ್ನು ತರುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಇಂಗ್ಲಿಷ್ ಸೈಕಲ್ಲಿನ ಪಿನ್ನು ಸುಮಾರು 9.5 ಮಿ.ಮೀ. ದಪ್ಪ. 9 ಮಿ.ಮೀ.ನದು ಹಾಕಿದರೆ ಎರಡು ದಿನ ಚೆನ್ನಾಗಿರುತ್ತದೆ, ಮೂರನೇ ದಿನ ಟಕ್ ಟಕ್. ಎರಡೂ ಕಡೆಯ ಪಿನ್ನುಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಕೂರಬೇಕು. ಒಂದೇ ದಿಕ್ಕಿಗೆ ಹಾಕಿದರೆ ಪೆಡಲುಗಳು ಒಂದೇ ನೇರದಲ್ಲಿ ನಿಲ್ಲುವುದಿಲ್ಲ, ಕುಂಟಿದ ಹಾಗಾಗುತ್ತದೆ.

ಬಿ.ಬಿ.ಯೇ ಬಿಚ್ಚಬೇಕಾಗಿ ಬಂದರೆ ಇನ್ನೊಂದು ಉಲ್ಟಾ ಮರೆ ಕಾದಿರುತ್ತದೆ. ಇಂಗ್ಲಿಷ್ ಪದ್ಧತಿಯಲ್ಲಿ ಬಲಗಡೆ, ಅಂದರೆ ಚೈನ್ ಕಡೆಯ ಕಪ್ಪು ಎಡಮರೆ. ನಿಜ ಹೇಳಬೇಕೆಂದರೆ ಅದನ್ನು ಬಿಚ್ಚುವ ಅಗತ್ಯವೇ ಕಡಿಮೆ. ಎಡ ಕಪ್ಪು ತೆಗೆದು, ಆಕ್ಸಲ್ ಹೊರಗೆಳೆದು, ಸೀಮೆಎಣ್ಣೆಯಲ್ಲಿ ತೊಳೆದು ಟಾರ್ಚು ಬಿಟ್ಟು ನೋಡಿದರೆ ಸಾಕು. ಬಾಲ್ಸು ಓಡಿದ ಜಾಡು ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಕಪ್ಪು ಚೆನ್ನಾಗಿದೆ. ಹೊಸ ಕಾಲು ಇಂಚಿನ ಬಾಲ್ಸು, ಹೊಸ ಗ್ರೀಸು ಹಾಕಿ ಮುಚ್ಚಿ. ಜಾಡಿನಲ್ಲಿ ಇರುವೆ ಕಚ್ಚಿದಂಥ ಗುಳಿಗಳಿದ್ದರೆ ಮಾತ್ರ ಕಪ್ಪು ಬದಲಿಸಿ.

ಬದಲಿಸಲು ಹೊರಟಾಗ ಹೊಸ ಕಪ್ಪು ಎರಡು ಸುತ್ತು ಹೋಗಿ ಬಿಗಿದುಕೊಂಡರೆ ಅಲ್ಲೇ ಕೈ ತೆಗೆಯಿರಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾದ ರ‍್ಯಾಲಿ ಕಂಪನಿಯ ಸೈಕಲ್ಲುಗಳಲ್ಲಿ ಇಂಚಿಗೆ 26 ಮರೆ. ಅಂಗಡಿಯಲ್ಲಿ ಸಿಗುವ ಕಪ್ಪಿನಲ್ಲಿ ಇಂಚಿಗೆ 24. ಉದ್ದ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಹೋಗುತ್ತದೆ, ಫ್ರೇಮಿನ ಮರೆಯನ್ನೂ ಕರೆದುಕೊಂಡು ಹೋಗುತ್ತದೆ.

ಬ್ರೇಕ್ ಒತ್ತಿದರೂ ನಿಲ್ಲುವುದಿಲ್ಲ

ಕಡ್ಡಿ ಬ್ರೇಕು ಕೆಲಸ ಮಾಡುವುದು ರಿಮ್ಮಿನ ಪಕ್ಕದಲ್ಲಲ್ಲ, ಒಳಮೈಯಲ್ಲಿ. ಕುದುರೆ ಲಾಳದ ಆಕಾರದ ಪಟ್ಟಿ ಎರಡು ರಬ್ಬರುಗಳನ್ನು ಎಳೆದು ರಿಮ್ಮಿಗೆ ಒತ್ತುತ್ತದೆ. ಹಾಗಾಗಿ ಮೊದಲು ರಿಮ್ಮಿನ ಒಳಮೈ ಮುಟ್ಟಿ ನೋಡಿ. ಎಣ್ಣೆ ಅಂಟಿದೆಯಾ? ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಸೀಮೆಎಣ್ಣೆಯಲ್ಲಿ ಒರೆಸಿ ಸುಮ್ನೆ ಬಿಟ್ಟರೆ ಅದರ ಜಿಡ್ಡೇ ಹೊಸ ತೊಂದರೆ.

ರಬ್ಬರಿಗೆ ಉಗುರು ಒತ್ತಿ. ಗುರುತು ಬೀಳದಿದ್ದರೆ ಬದಲಿಸಿ, ಉಜ್ಜಿ ಪ್ರಯೋಜನವಿಲ್ಲ. ಹೊಸದನ್ನು ಹಾಕುವಾಗ ರಬ್ಬರು ಹಿಡಿದಿರುವ ತಗಡಿನ ಮುಚ್ಚಿದ ತುದಿ ಚಕ್ರ ತಿರುಗುವ ದಿಕ್ಕಿಗೇ ಇರಬೇಕು. ಉಲ್ಟಾ ಹಾಕಿದರೆ ಒಳ್ಳೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ರಬ್ಬರು ಜಾರಿ ರಸ್ತೆಗೆ ಬೀಳುತ್ತದೆ. ಇದು ಕೇಳಿದ ಕಥೆಯಲ್ಲ, ಚಾಮುಂಡಿ ಬೆಟ್ಟ ಇಳಿಯುವಾಗ ನನಗೇ ಆದದ್ದು. ಕಾಲು ಕೊಟ್ಟು ನಿಲ್ಲಿಸಿದೆ. ಚಪ್ಪಲಿ ಹೋಯಿತು, ನಾನು ಉಳಿದೆ.

ಹಿಡಿ ಪೂರ್ತಿ ಮೇಲಕ್ಕೆ ಬಂದರೂ ರಬ್ಬರು ರಿಮ್ಮು ಮುಟ್ಟದಿದ್ದರೆ ಕಡ್ಡಿಗಳು ಸೇರುವ ಕಡೆಯ ಸ್ಕ್ರೂ ಸಡಿಲಿಸಿ, ಕಡ್ಡಿಯನ್ನು ಮೇಲೆಳೆದು ಮತ್ತೆ ಬಿಗಿ ಮಾಡಿ. ಎರಡು ಮೂರು ಮಿಲಿಮೀಟರ್ ಸಂದು ಇದ್ದರೆ ಸಾಕು. ಒಂದು ಸುತ್ತಿಗೆ ಒಂದು ಸಲ ಬ್ರೇಕು 'ಧಡ್' ಅಂದರೆ ರಿಮ್ಮಿನಲ್ಲಿ ತಗ್ಗು ಬಿದ್ದಿದೆ. ಅದು ಬ್ರೇಕಿನ ತಪ್ಪಲ್ಲ.

ಮಳೆಯಲ್ಲಿ ಮಾತ್ರ ಏನು ಮಾಡಿದರೂ ಅಷ್ಟೇ. ಒದ್ದೆಯಾದ ಕ್ರೋಮ್ ರಿಮ್ಮಿನ ಮೇಲೆ ರಬ್ಬರು ಜಾರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಈ ಸೈಕಲ್ಲನ್ನು ಇಳಿಜಾರಿಗೆ ಒಯ್ಯಬೇಡಿ, ಒಯ್ದರೆ ಇಳಿದು ತಳ್ಳಿಕೊಂಡು ಬನ್ನಿ.

ಪೆಡಲು ಖಾಲಿ ತಿರುಗುತ್ತದೆ, ಚಕ್ರ ಹೋಗುವುದಿಲ್ಲ

ನಿಂತು ನಿಂತು ಹಿಂದಿನ ಚಕ್ರದ ಹಲ್ಲಿನ ಗಾಲಿ, ಅಂದರೆ ಫ್ರೀವೀಲಿನ ಒಳಗಿನ ಗ್ರೀಸು ಅಂಟಾಗಿರುತ್ತದೆ. ಒಳಗೆ ಹಲ್ಲಿಗೆ ಕಚ್ಚಬೇಕಾದ ನಾಲಿಗೆಗಳು ಎದ್ದೇಳುವುದಿಲ್ಲ. ಚಕ್ರ ಬಿಚ್ಚಿ ಮಲಗಿಸಿ, ಫ್ರೀವೀಲಿನ ಸಂದಿಗೆ ಸೀಮೆಎಣ್ಣೆ ಬಿಟ್ಟು ತಿರುಗಿಸುತ್ತಾ ಇರಿ. ಕಪ್ಪು ರಸ ಇಳಿಯುವುದು ನಿಂತ ಮೇಲೆ ತೆಳು ಎಣ್ಣೆ ಬಿಡಿ. ಟಿಕ್ ಟಿಕ್ ಟಿಕ್ ಅಂತ ಚುರುಕಾದ ಸದ್ದು ಬಂದರೆ ಗೆದ್ದಿರಿ. ಗ್ರೀಸು ಮತ್ತೆ ಹಾಕಬೇಡಿ, ಇದೇ ಕಥೆ ಮರುಕಳಿಸುತ್ತದೆ.

ಒಮ್ಮೆ ಹಿಡಿದು ಒಮ್ಮೆ ಬಿಡುತ್ತಿದ್ದರೆ ಅದರಲ್ಲಿ ಓಡಾಡಬೇಡಿ. ಎದ್ದು ನಿಂತು ತುಳಿಯುವಾಗ ಬಿಟ್ಟರೆ ನೇರ ಬಾರಿನ ಮೇಲೆ ಬೀಳುತ್ತೀರಿ. ಹೆಚ್ಚು ವಿವರಿಸುವುದಿಲ್ಲ.

ಚೈನು ಹಲ್ಲು ಹಾರುತ್ತಿದ್ದರೆ ಅಳತೆ ಪಟ್ಟಿ ಹಿಡಿಯಿರಿ. ಪಿನ್ನಿನಿಂದ ಪಿನ್ನಿಗೆ 24 ಕೊಂಡಿ ಸರಿಯಾಗಿ 12 ಇಂಚು ಇರಬೇಕು. 12 ಇಂಚಿನ ಮೇಲೆ 1/8 ಇಂಚು ಬೆಳೆದಿದ್ದರೆ ಚೈನು ಮುಗಿದಿದೆ, ಫ್ರೀವೀಲಿನ ಹಲ್ಲನ್ನೂ ಮುಗಿಸಿದೆ. ಎರಡನ್ನೂ ಒಟ್ಟಿಗೆ ಬದಲಿಸಿ. ಚೈನ್‌ವೀಲನ್ನು ಮಾತ್ರ ಮುಟ್ಟಬೇಡಿ. ಅದರಲ್ಲೇ ಸೈಕಲ್ಲಿನ ಜಾತಕ ಇರುತ್ತದೆ, ಕೆಳಗೆ ಹೇಳುತ್ತೇನೆ.

ಚಕ್ರ ವಾಲಾಡುತ್ತದೆ

ಎರಡು ಬೇರೆ ಬೇರೆ ಕಾಯಿಲೆಗೆ ಜನ ಒಂದೇ ಹೆಸರು ಹೇಳುತ್ತಾರೆ. ಸೈಕಲ್ ಎತ್ತಿ ಹಿಡಿದು, ರಿಮ್ಮು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಕಟ ಕಟ ಅಂದರೆ ಹಬ್ಬಿನ (ಚಕ್ರದ ನಡುಗುಂಬದ) ಕೋನ್, ಅಂದರೆ ಬಾಲ್ಸನ್ನು ಒತ್ತಿ ಹಿಡಿಯುವ ನಟ್ಟು, ಸಡಿಲ. ಅಲ್ಲಾಡದೆ, ತಿರುಗಿಸಿದಾಗ ಮಾತ್ರ ಹಾವಿನಂತೆ ಹೊರಳಿದರೆ ರಿಮ್ಮು ಬೆಂಡು, ಸ್ಪೋಕು ಸಡಿಲ.

ಕೋನ್ ಸರಿಯಾಗಿದೆಯೇ ಅಂತ ನೋಡಲು ಹಳಬರ ಪರೀಕ್ಷೆ ಒಂದಿದೆ. ಚಕ್ರವನ್ನು ಗಾಳಿಯಲ್ಲಿ ಬಿಡಿ. ವಾಲ್ವಿನ ಭಾರಕ್ಕೇ ಅದು ತೊಟ್ಟಿಲಿನಂತೆ ಹಿಂದೆ ಮುಂದೆ ತೂಗಿ, ವಾಲ್ವು ಕೆಳಗೆ ಬಂದು ನಿಲ್ಲಬೇಕು. ಎಲ್ಲೆಂದರಲ್ಲಿ ನಿಂತರೆ ಕೋನ್ ಜಾಸ್ತಿ ಬಿಗಿ, ಅಥವಾ ಒಳಗೆ ಗ್ರೀಸು ಗಟ್ಟಿ. ಬಾಲ್ಸು ಬದಲಿಸುವಾಗ ಹಿಂದಿನ ಚಕ್ರಕ್ಕೆ 1/4 ಇಂಚು, ಮುಂದಿನದಕ್ಕೆ ಸಾಮಾನ್ಯವಾಗಿ 3/16 ಇಂಚು. ಹಳೆ ಬಾಲ್ಸಿನ ಜೊತೆ ಹೊಸದನ್ನು ಬೆರೆಸಬೇಡಿ.

ಸ್ಪೋಕು ಬಿಗಿ ಮಾಡುವುದನ್ನು ಕಾಲು ಕಾಲು ಸುತ್ತು ಮಾತ್ರ ಮಾಡಿ. ನಿಪ್ಪಲ್ಲು ತಿರುಗದೆ ಸ್ಪೋಕೇ ತಿರುಚಿಕೊಳ್ಳುತ್ತಿದ್ದರೆ ನಿಲ್ಲಿಸಿ, ಮತ್ತೆ ಎಣ್ಣೆ. ನಾಲ್ಕೈದು ಸ್ಪೋಕು ಒಂದೇ ಕಡೆ ಮುರಿದಿದ್ದರೆ ನುರಿತವರ ಕೈಗೆ ಕೊಡಿ. ರಿಮ್ಮು ಕೊಳ್ಳುವಾಗ ತೂತು ಎಣಿಸಿಕೊಂಡು ಹೋಗಿ. ಇಂಗ್ಲಿಷ್ ದೊಡ್ಡ ಸೈಕಲ್ಲು, ಅಂದರೆ ರೋಡ್‌ಸ್ಟರ್‌ಗಳಲ್ಲಿ ಮುಂದೆ 32, ಹಿಂದೆ 40.

ಹ್ಯಾಂಡಲ್ ಎಳೆಯುತ್ತದೆ, ಅಥವಾ ನೇರ ಬಂದಾಗ ಸಿಕ್ಕಿಕೊಳ್ಳುತ್ತದೆ

ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿ. ಸರಿ ನಡುವೆ ಬಂದಾಗ ಗುಂಡಿಗೆ ಬಿದ್ದ ಹಾಗೆ ನಿಂತರೆ ಹೆಡ್ಡಿನ, ಅಂದರೆ ಹ್ಯಾಂಡಲ್ ತಿರುಗುವ ಮುಂದಿನ ಕೊಳವೆಯ, ಕಪ್ಪಿನಲ್ಲಿ ಬಾಲ್ಸು ಗುಳಿ ಮಾಡಿವೆ. ವರ್ಷಗಟ್ಟಲೆ ಸಡಿಲ ಬಿಟ್ಟು ಓಡಿಸಿದ ಗುರುತು. ಕಪ್ಪು ಸೆಟ್ಟು ಬದಲಿಸಬೇಕು. ರ‍್ಯಾಲಿಯಾದರೆ ಇಲ್ಲೂ 26 ಮರೆಯ ಕಾಟ ಇದೆ.

ಸದಾ ಒಂದೇ ಕಡೆಗೆ ಎಳೆಯುತ್ತಿದ್ದರೆ ಮೊದಲು ಚಕ್ರ ಫೋರ್ಕಿನ ನಡುವೆ ನೇರ ಕೂತಿದೆಯೇ ನೋಡಿ. ಎಷ್ಟೋ ಸಲ ಅಷ್ಟೇ ಇರುತ್ತದೆ. ಇಲ್ಲದಿದ್ದರೆ ಪಕ್ಕದಿಂದ ನಿಂತು ಹೆಡ್ ಟ್ಯೂಬಿನ ಗೆರೆಯನ್ನು ಕಣ್ಣಲ್ಲೇ ಕೆಳಗೆ ಎಳೆಯಿರಿ. ಫೋರ್ಕಿನ ಮೇಲರ್ಧ ಅದೇ ಗೆರೆಯಲ್ಲಿರಬೇಕು. ಹಿಂದಕ್ಕೆ ಮುರಿದಂತೆ ಕಂಡರೆ ಎಲ್ಲೋ ಗುದ್ದಿದ ಸೈಕಲ್ಲು. ಕೆಳಗಿನ ಓರೆ ಟ್ಯೂಬು ಹೆಡ್ಡಿಗೆ ಸೇರುವ ಕಡೆ ಅಡಿಯಲ್ಲಿ ಬೆರಳು ಆಡಿಸಿ. ಬಣ್ಣ ಸುಕ್ಕುಗಟ್ಟಿದ್ದರೆ, ಉಬ್ಬು ಸಿಕ್ಕರೆ ಅದೇ ಸಾಕ್ಷಿ.

ಇಲ್ಲಿಗೆ ನಿಲ್ಲಿಸಿ. ಫೋರ್ಕಿನಲ್ಲಿ, ಅದರ ಕತ್ತಿನಲ್ಲಿ, ಹ್ಯಾಂಡಲಿನ ಕಂಬದಲ್ಲಿ ಕೂದಲೆಳೆ ಬಿರುಕು ಕಂಡರೂ ಓಡಿಸಬೇಡಿ. ಇವು ಮುರಿದರೆ ಮುನ್ಸೂಚನೆ ಕೊಡುವುದಿಲ್ಲ, ಮುಖ ಮೊದಲು ನೆಲಕ್ಕೆ ಬೀಳುತ್ತದೆ. ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಟಾಕಿ ಹಾಕಿಸಿಬಿಡೋಣ ಅನ್ನಿಸುತ್ತದೆ, ಅಲ್ವಾ? ಬೇಡ. ಈ ಫ್ರೇಮುಗಳನ್ನು ಲಗ್ಗು ಎಂಬ ಜೋಡಣೆಯ ತುಂಡಿನೊಳಗೆ ಟ್ಯೂಬು ಇಟ್ಟು ಹಿತ್ತಾಳೆ ಕರಗಿಸಿ ಬೆಸೆದಿರುತ್ತಾರೆ. ಆರ್ಕ್ ವೆಲ್ಡಿಂಗು ತೆಳು ಟ್ಯೂಬನ್ನು ಸುಟ್ಟು ಪಕ್ಕದಲ್ಲೇ ಹೊಸ ಬಿರುಕಿಗೆ ದಾರಿ ಮಾಡುತ್ತದೆ. ಫ್ರೇಮಾದರೆ ಗ್ಯಾಸ್ ಬ್ರೇಜಿಂಗ್ ಬಲ್ಲವರನ್ನು ಹುಡುಕಿ. ಫೋರ್ಕಾದರೆ ಬೇರೆಯದೇ ಹಾಕಿ.

ತ್ರೀ ಸ್ಪೀಡ್ ಹಬ್ಬು ಗೇರು ಬಿಡುತ್ತದೆ

ಒಳಗೇ ಮೂರು ಗೇರು ಇರುವ ಸ್ಟರ್ಮಿ ಆರ್ಚರ್ ಕಂಪನಿಯ ಎಡಬ್ಲ್ಯೂ ಹಬ್ಬು ಸಿಕ್ಕಿದ್ದರೆ ನೀವು ಪುಣ್ಯವಂತರು. 1936ರಲ್ಲಿ ಬಂದ ವಿನ್ಯಾಸ, ಹಾಳಾಗುವುದೇ ಅಪರೂಪ. ಹಬ್ಬಿನ ಮೈಮೇಲೆ ತಿಂಗಳು, ವರ್ಷದ ಅಂಕಿ ಕೊರೆದಿರುವುದುಂಟು. 8 ಮತ್ತು 52 ಇದ್ದರೆ 1952ರ ಆಗಸ್ಟು. ಚಕ್ರ ಬದಲಾಗಿರಬಹುದು, ಹಾಗಾಗಿ ಅದು ಸೈಕಲ್ಲಿನ ವಯಸ್ಸೇ ಅಂತ ಹೇಳಲಾಗದು.

ಗೇರು ಜಾರಿದರೆ ಹಬ್ಬು ಬಿಚ್ಚಲು ಹೋಗಬೇಡಿ. ಮೊದಲು ಎಣ್ಣೆ ಬಾಯಿಯಿಂದ ಒಂದು ಚಮಚ ತೆಳು ಯಂತ್ರದ ಎಣ್ಣೆ ಬಿಟ್ಟು ಒಂದು ದಿನ ತಿರುಗಾಡಿಸಿ. ಆಮೇಲೆ ಕೇಬಲ್ ನೋಡಿ. ಗೇರನ್ನು ನಡುವಿನ ಎರಡನೆಯದಕ್ಕೆ ಹಾಕಿ, ಬಲಗಡೆಯ ಉದ್ದ ನಟ್ಟಿನ ಕಿಂಡಿಯಲ್ಲಿ ಇಣುಕಿ. ಸರಪಳಿ ಹೊತ್ತ ಸಣ್ಣ ಕಡ್ಡಿಯ ಭುಜ ಆಕ್ಸಲ್ಲಿನ ತುದಿಗೆ ಸಮನಾಗಿ ನಿಲ್ಲಬೇಕು. ಒಳಗಿದ್ದರೆ ಕೇಬಲ್ ಬಿಗಿ ಮಾಡಿ, ಹೊರಗಿದ್ದರೆ ಸಡಿಲಿಸಿ. ನೂರಕ್ಕೆ ತೊಂಬತ್ತು ಸಲ ಇಲ್ಲಿಗೇ ಮುಗಿಯುತ್ತದೆ, ಇದು ನನ್ನ ಅಂದಾಜು.

ಎರಡಕ್ಕೂ ಮೂರಕ್ಕೂ ನಡುವೆ ಈ ಹಬ್ಬಿನಲ್ಲಿ ಯಾವ ಗೇರೂ ಹಿಡಿಯದ ಒಂದು ಜಾಗವಿದೆ. ಕೇಬಲ್ ಸರಿಯಿಲ್ಲದಿದ್ದರೆ ತುಳಿಯುತ್ತಿರುವಾಗಲೇ ಅಲ್ಲಿಗೆ ಜಾರುತ್ತದೆ. ಸರಿಪಡಿಸುವ ತನಕ ಎದ್ದು ನಿಂತು ತುಳಿಯಬೇಡಿ.

ಡೈನಮೋ ತಿರುಗುತ್ತದೆ, ದೀಪ ಇಲ್ಲ

ದೀಪವಿಲ್ಲದೆ ಪೊಲೀಸರ ಕೈಗೆ ಸಿಕ್ಕ ಕಥೆ ನಮ್ಮ ಹಿರಿಯರ ಹತ್ತಿರ ಬೇಕಾದಷ್ಟಿದೆ. ಮೊದಲು ಬಲ್ಬು ನೋಡಿ. ಅದು 6 ವೋಲ್ಟಿನದಾಗಿರಬೇಕು. ಆಮೇಲೆ ವೈರು.

ಎರಡೂ ಸರಿಯಿದ್ದು, ಸೈಕಲ್ಲಿಗೆ ಈಚೆಗೆ ಬಣ್ಣ ಹೊಡೆಸಿದ್ದರೆ ಉತ್ತರ ಅಲ್ಲೇ ಇದೆ. ಈ ಡೈನಮೋಕ್ಕೆ ಒಂದೇ ವೈರು. ಕರೆಂಟು ವಾಪಸ್ ಬರುವುದು ಫ್ರೇಮಿನ ಮೂಲಕ. ಹೊಸ ಬಣ್ಣ ಆ ದಾರಿ ಮುಚ್ಚುತ್ತದೆ. ಡೈನಮೋ ಹಿಡಿಕೆಯ ಮೊನಚು ಸ್ಕ್ರೂ ಬಣ್ಣ ಸೀಳಿ ಕಬ್ಬಿಣ ಮುಟ್ಟುವ ಹಾಗೆ ಬಿಗಿ ಮಾಡಿ, ದೀಪದ ಬುಡದಲ್ಲೂ ಸ್ವಲ್ಪ ಕೆರೆಯಿರಿ.

ಹಬ್ಬಿನೊಳಗೇ ಡೈನಮೋ ಇರುವ ಡೈನೋಹಬ್ ಆದರೆ ಬಿಚ್ಚುವ ಕುತೂಹಲ ಬೇಡ. ಒಳಗಿನ ಅಯಸ್ಕಾಂತವನ್ನು ಸುರುಳಿಯಿಂದ ಹೊರಗೆಳೆದು ಇಟ್ಟರೆ ಅದರ ಶಕ್ತಿಯೇ ಇಳಿದುಹೋಗುತ್ತದೆ.

ಸೀಟಿನ ಕಂಬ ಅಲುಗುವುದಿಲ್ಲ

ಎಣ್ಣೆ, ಸಮಯ, ತಾಳ್ಮೆ. ಸೈಕಲ್ಲನ್ನು ತಲೆಕೆಳಗು ಮಾಡಿ ಕೆಳಗಿನಿಂದಲೂ ಎಣ್ಣೆ ಇಳಿಸಿ. ಹ್ಯಾಂಡಲಿನ ಕಂಬವಾದರೆ ಮೇಲಿನ ಬೋಲ್ಟನ್ನು ಮೂರ್ನಾಲ್ಕು ಸುತ್ತು ಸಡಿಲಿಸಿ, ಮರದ ತುಂಡು ಇಟ್ಟು ಬೋಲ್ಟಿನ ತಲೆಗೆ ಹೊಡೆಯಿರಿ. ಒಳಗಿನ ಬೆಣೆ ಕಳಚಿಕೊಳ್ಳುತ್ತದೆ. ಬೆಂಕಿಯ ಬ್ಲೋ ಲ್ಯಾಂಪು ಹಿಡಿಯುವ ಯೋಚನೆ ಬಂದರೆ ಟ್ಯೂಬಿನೊಳಗೆ ನೀವೇ ವಾರದಿಂದ ಎಣ್ಣೆ ತುಂಬಿಸಿದ್ದೀರಿ ಅನ್ನುವುದನ್ನು ನೆನೆಸಿಕೊಳ್ಳಿ.

ಚರ್ಮದ ಸೀಟಿಗೆ ಕೊಬ್ಬರಿ ಎಣ್ಣೆ ಸುರಿಯುವವರಿದ್ದಾರೆ. ಮೆತ್ತಗಾಗುತ್ತದೆ ನಿಜ, ಹಾಗೇ ಜೋತುಬಿದ್ದು ಜೋಳಿಗೆಯಾಗುತ್ತದೆ.

"ಒರಿಜಿನಲ್ ಇಂಗ್ಲೆಂಡ್ ರ‍್ಯಾಲಿ ಸಾರ್" ಅನ್ನುತ್ತಾರೆ, ಅನುಮಾನ ಬರುತ್ತದೆ

ಇದೂ ಒಂದು ರೋಗಲಕ್ಷಣವೇ, ಜೇಬಿನದು. ಬಣ್ಣ, ಬಿಳಿ ಗೆರೆ, ಸ್ಟಿಕ್ಕರು ಎಲ್ಲ ನಿನ್ನೆ ಹಾಕಿರಬಹುದು. ಕಬ್ಬಿಣ ಸುಳ್ಳು ಹೇಳುವುದು ಕಷ್ಟ. ರ‍್ಯಾಲಿಯ ಚೈನ್‌ವೀಲಿನಲ್ಲಿ ಕೊಕ್ಕರೆಯ ತಲೆಗಳು ಕತ್ತರಿಸಿರುತ್ತವೆ. ಇನ್ನೊಂದು ಇಂಗ್ಲಿಷ್ ಸೈಕಲ್ಲು ರಡ್ಜ್‌ಗೆ ಅಂಗೈ. ಹಂಬರ್ ಸೈಕಲ್ಲಿನ ದೊಡ್ಡ ಗುರುತು ಜೋಡಿ ಕೊಳವೆಯ ಫೋರ್ಕು. ಆದರೆ ರ‍್ಯಾಲಿ ನಮ್ಮಲ್ಲೂ ತಯಾರಾಯಿತು, ಆಸನ್‌ಸೋಲಿನ ಸೆನ್ ರ‍್ಯಾಲಿಯಲ್ಲಿ. ಹರ್ಕ್ಯುಲಿಸ್ ಬರ್ಮಿಂಗ್‌ಹ್ಯಾಮಿನ ಹೆಸರು, ಆದರೆ ನಮ್ಮ ಊರುಗಳಲ್ಲಿ ಕಾಣುವ ಹರ್ಕ್ಯುಲಿಸ್ಸುಗಳಲ್ಲಿ ಬಹುಪಾಲು 1949ರಲ್ಲಿ ಸ್ಥಾಪನೆಯಾದ ಮದ್ರಾಸಿನ ಟಿ.ಐ. ಸೈಕಲ್ಸ್‌ನದು. ತಾತನದೂ ಅದೇ. ಅದರಿಂದ ನನಗೇನೂ ಬೇಜಾರಿಲ್ಲ. ಬೇಜಾರಾಗುವುದು ಮದ್ರಾಸಿನ ಸೈಕಲ್ಲಿಗೆ ಬರ್ಮಿಂಗ್‌ಹ್ಯಾಮಿನ ದುಡ್ಡು ಕೊಟ್ಟಾಗ.

ಅಟ್ಲಾಸನ್ನು ಕೀಳಾಗಿ ನೋಡಬೇಡಿ. ಸೋನಿಪತ್‌ನಲ್ಲಿ 1951ರಲ್ಲಿ ಶುರುವಾದ ಕಂಪನಿ, 2020ರಲ್ಲಿ ಕೊನೆಯ ಕಾರ್ಖಾನೆಯೂ ನಿಂತಿತು. ಇವತ್ತು ಕಡಿಮೆ ಬೆಲೆಗೆ ಸಿಗುತ್ತದೆ, ಪಾರ್ಟುಗಳೂ ಸಿಗುತ್ತವೆ. ಹೊಸದಾಗಿ ಹುಚ್ಚು ಹಿಡಿದವರಿಗೆ ಕೈ ಪಳಗಿಸಿಕೊಳ್ಳಲು ಅದಕ್ಕಿಂತ ಒಳ್ಳೆಯದಿಲ್ಲ.

ಎಲ್ಲ ಸರಿಯಿದೆ, ಆದರೂ ಭಾರ

ಗಾಳಿ ನೋಡಿ. ಬ್ರೇಕು ಉಜ್ಜುತ್ತಿದೆಯೇ ನೋಡಿ. ಸೀಟು ಎತ್ತರಿಸಿ, ಪೆಡಲು ಕೆಳಗಿದ್ದಾಗ ಮಂಡಿ ಬರೀ ಸ್ವಲ್ಪ ಬಾಗಿರಬೇಕು. ಇಷ್ಟಾದ ಮೇಲೂ ಭಾರವಿದ್ದರೆ ಅದು ದೋಷವಲ್ಲ. ಇಪ್ಪತ್ತು ಕಿಲೋ ಹತ್ತಿರದ ಸೈಕಲ್ಲು, ಒಂದೇ ಗೇರು. ನಿಧಾನವಾಗಿ ಹೋಗಿ.

ಮೊದಲ ದೂರದ ಸವಾರಿಗೆ ನಾನು ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುತ್ತೇನೆ. ಹದಿನೈದು ಚಿಲ್ಲರೆ ಕಿಲೋಮೀಟರು, ದೊಡ್ಡ ಏರಿಲ್ಲ, ಏನಾದರೂ ಕೈಕೊಟ್ಟರೆ ವಾಪಸ್ ಬರಲು ಬಸ್ಸಿದೆ. ಕಾವೇರಿ ಸೇತುವೆ ಹತ್ತಿರ ನಿಲ್ಲಿಸಿ ಎರಡೂ ಹಬ್ಬು ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಕೋನ್ ಬಿಗಿಯಾಗಿದೆ. ಕಾಟರ್ ಪಿನ್ನು ಹೊಸದಾಗಿದ್ದರೆ ಅಷ್ಟು ಹೊತ್ತಿಗೆ ಕೊಂಚ ಒಳಗೆ ಕೂತು ನಟ್ಟು ಸಡಿಲವಾಗಿರುತ್ತದೆ. ಅದರ ಅಳತೆಯ ಸ್ಪ್ಯಾನರೊಂದು ಜೇಬಿನಲ್ಲಿರಲಿ. ಅಲ್ಲೇ ಅರ್ಧ ಸುತ್ತು ಬಿಗಿ ಮಾಡಿ, ಒಂದು ಎಳನೀರು ಕುಡಿದು ವಾಪಸ್ ಹೊರಡಿ.